ಜೀವವನ್ನೆತ್ತುವ ಹಗ್ಗದ ಪರೀಕ್ಷೆ

ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಹರಿದರೆ ಹೋಗುವುದು ಒಂದು ಕೊಡ. ಪಾತಾಳಗರಡಿ ಹಾಕಿ ಅದನ್ನೂ ತೆಗೆಯಬಹುದು. ಕಮರಿಗೆ ಬಿದ್ದ ಗಾಯಾಳುವನ್ನೂ ಅವನ ಜೊತೆಗೆ ಇಳಿದ ರಕ್ಷಕನನ್ನೂ ಮೇಲೆತ್ತುವಾಗ ಹಾಗಲ್ಲ. ಆದುದರಿಂದಲೇ ಪರ್ವತಪ್ರದೇಶದ ರಕ್ಷಣಾದಳದವರು ತಮ್ಮ ಸಲಕರಣೆಗಳನ್ನು ಮೊದಲೇ ಎಳೆದು, ಬೀಳಿಸಿ, ಕೆಡಿಸಿ ನೋಡುತ್ತಾರೆ.

ಹಗ್ಗದ ಬಲವೊಂದನ್ನು ತಿಳಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಾಲದು. ಯೂರೋಪಿನ ನಿಯಮದಂತೆ ಈ ಕೆಲಸಕ್ಕೆ ಒದಗುವ ‘ಎ’ ವರ್ಗದ, ಹೆಚ್ಚು ಹಿಗ್ಗದ ಹಗ್ಗವು ಕನಿಷ್ಠ 22 ಕಿಲೋನ್ಯೂಟನ್, ಎಂದರೆ ಸುಮಾರು 2,240 ಕಿಲೋಗ್ರಾಂ ತೂಕದಷ್ಟು ಸೆಳೆತವನ್ನು ತಾಳಬೇಕು. ಅದೇ ಹಗ್ಗದ ತುದಿಗೆ ಗಂಟು ಹಾಕಿದಾಗ 15 ಕಿಲೋನ್ಯೂಟನ್ ಸೆಳೆತವನ್ನು 3 ನಿಮಿಷ ತಾಳಿದರೆ ಸಾಕೆಂದು ನಿಯಮವೇ ಒಪ್ಪುತ್ತದೆ. ಗಂಟಿನಲ್ಲಿ ಹಗ್ಗ ಬಿಗಿಯಾಗಿ ಬಾಗುವುದರಿಂದ ಎಳೆಗಳೆಲ್ಲ ಭಾರವನ್ನು ಸಮನಾಗಿ ಹಂಚಿಕೊಳ್ಳಲಾರವು.

ಇನ್ನು ರಾಟೆಗಳ ವಿಚಾರ. ಒಂದು ರಾಟೆಯನ್ನು ಮೇಲೆ ಭದ್ರವಾದ ನೆಲೆಗೂ ಇನ್ನೊಂದನ್ನು ಭಾರದ ಹಗ್ಗಕ್ಕೂ ಬಿಗಿದು ಹಗ್ಗವನ್ನು ಮಡಿಸಿ ಎಳೆದರೆ ಬಲವು ಮೂರು ಮಡಿಯಾಗುತ್ತದೆ. (ಸಂಸ್ಕೃತದಲ್ಲಿ ‘ಗುಣ’ವೆಂದರೆ ಹಗ್ಗವೂ ಹೌದು, ಮಡಿಯೂ ಹೌದು, ‘ತ್ರಿಗುಣ’ವೆಂಬ ಮಾತು ಇಲ್ಲಿ ಎರಡರ್ಥದಲ್ಲೂ ಸಲ್ಲುತ್ತದೆ!) ಮೂವರು ತಲಾ 25 ಕಿಲೋ ಬಲದಿಂದ ಎಳೆದರೆ 75, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಭಾರದ ಕಡೆಗೆ 225. ಆದರೆ ಸ್ಟ್ರೆಚರು ಬಂಡೆಯ ಅಂಚಿಗೆ ಸಿಕ್ಕಿಕೊಂಡದ್ದು ಮೇಲಿನವರಿಗೆ ಕಾಣದೆ ಹೋಗಬಹುದು. ಹತ್ತು ಜನ ಸೇರಿ ಜಗ್ಗಿದರೆ ಅದು 750 ಆಗುತ್ತದೆ. ಎರಡನೆಯ ರಾಟೆಯನ್ನು ಹಗ್ಗಕ್ಕೆ ಕಚ್ಚಿಸಿದ ಹಿಡಿಕೆಯೊಂದರ ಪಾಲಿಗೇ 500 ಬೀಳುತ್ತದೆ.

ಎಳೆದು ನೋಡಿದ ಪರೀಕ್ಷೆಗಳಲ್ಲಿ ಮೊದಲು ಸೋಲುವುದು ಬಹುಮಟ್ಟಿಗೆ ಈ ಸ್ಥಳವೇ. ಹಲ್ಲುಳ್ಳ ಲೋಹದ ಹಿಡಿಕೆಯಾದರೆ, ಹಗ್ಗ ಹರಿಯುವುದಕ್ಕೆ ಬಹಳ ಮುಂಚೆಯೇ ಅದರ ಹೊರಕವಚವನ್ನು ಸೀಳಿಬಿಡುತ್ತದೆ. ಆಸ್ಟ್ರಿಯದ ಕಾರ್ಲ್ ಪ್ರೂಸಿಕ್ 1931ರಲ್ಲಿ ತಿಳಿಸಿದ ಗಂಟು, ಎಂದರೆ ಸಣ್ಣ ಹುರಿಯನ್ನು ದೊಡ್ಡ ಹಗ್ಗಕ್ಕೆ ಸುತ್ತಿ ಬಿಗಿಯುವುದು, ಸಾಮಾನ್ಯವಾಗಿ ಮೊದಲು ಜಾರುತ್ತದೆ. ಎಳೆಯುವವರಿಗೆ ಆ ಜಾರಿಕೆಯೇ ಎಚ್ಚರಿಕೆ. ಹಲ್ಲಿಲ್ಲದ್ದೇ ಇಲ್ಲಿ ಮೇಲೆಂದು ನನಗೆ ತೋರುತ್ತದೆ.

ನಿಧಾನವಾಗಿ ಎಳೆದುದಷ್ಟರಿಂದ ಪರೀಕ್ಷೆ ಮುಗಿಯಲಿಲ್ಲ. ಮುಖ್ಯ ಹಗ್ಗ ಕೈಕೊಟ್ಟರೆ ಕಾವಲಿನ ಎರಡನೆಯ ಹಗ್ಗ ನಿಲ್ಲಿಸೀತೆ? ಕೆನಡಾದ ಬ್ರಿಟಿಷ್ ಕೊಲಂಬಿಯದ ರಕ್ಷಕರು 1980ರ ದಶಕದಲ್ಲಿ ಇದಕ್ಕೊಂದು ಅಳತೆಯನ್ನು ಗೊತ್ತುಮಾಡಿದರು: 3 ಮೀಟರ್ ಹಗ್ಗಕ್ಕೆ 200 ಕಿಲೋ ಭಾರ ಕಟ್ಟಿ 1 ಮೀಟರ್ ಬೀಳಿಸುವುದು, ತಡೆಯು ಅದನ್ನು ಮುಂದಿನ 1 ಮೀಟರಿನೊಳಗೆ ಹಿಡಿದು ನಿಲ್ಲಿಸಬೇಕು. ಹೀಗೆ ಪೆಟ್ಟು ತಿಂದ ಹಗ್ಗವು ಕಣ್ಣಿಗೆ ಹೊಸದರಂತೆಯೇ ಕಂಡರೂ ಅದರಿಂದ ಮತ್ತೆ ಮನುಷ್ಯರನ್ನು ಎತ್ತುವುದಿಲ್ಲ.