ಬೇರಿನ ತುದಿಯಲ್ಲಿ ನಿಂತ ಗಳಿಗೆ

ಅರಸೀಕೆರೆಯ ಪಿಯು ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯ. ಕಿಟಕಿಕಟ್ಟೆಯ ಮೇಲೆ ನೀರು ತುಂಬಿದ ಬಾಟಲಿಗಳ ಬಾಯಲ್ಲಿ ಈರುಳ್ಳಿಗಳು ಸಾಲಾಗಿ ಕೂತಿವೆ. ಬುಡದಿಂದ ಇಳಿದ ಬಿಳಿ ಬೇರುಗಳು ಬಿಸಿಲಿಗೆ ಹೊಳೆಯುತ್ತಿವೆ. ಜಂಕ್ಷನ್ ಕಡೆಯಿಂದ ರೈಲಿನ ಕೂಗು. ಒಳಗೆ ಸ್ಪಿರಿಟ್ ದೀಪದ ಕಮಟು, ಅದರ ಮೇಲೆ ಮೂಗಿಗೆ ಅಡರುವ ಅಸಿಟಿಕ್ ಆಮ್ಲದ ಹುಳಿ.

ಕೋಶ ವಿಭಜನೆ ಚುರುಕಾಗಿರುವ ಬೆಳಗಿನ ಹೊತ್ತಿನಲ್ಲಿ ನಿನ್ನೆ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಅದ್ದಿಟ್ಟ ಬೇರುಗಳು ಮೇಜಿನ ಮೇಲಿವೆ. ಹಳೇಬೀಡಿನ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಅದರಲ್ಲೊಂದನ್ನು ಚಿಮಟದಿಂದೆತ್ತಿ ಗಾಜಿನ ಮೇಲಿಡುತ್ತಾಳೆ. ಅಸಿಟೋಕಾರ್ಮೈನ್ ಬಣ್ಣದ ಎರಡು ಮೂರು ಹನಿ, ಕೋಶಗಳ ಬೆಸುಗೆ ಸಡಿಲಿಸಲು ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ, ದೀಪದ ಮೇಲೆ ಹದವಾದ ಬಿಸಿ. ಕೆಂಪಗೆ ಗಾಢವಾದ ಎರಡು ಮೂರು ಮಿಲಿಮೀಟರ್ ತುದಿಯನ್ನಷ್ಟೇ ಉಳಿಸಿ, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲ್ ಹಿಂಬದಿಯಿಂದ ಟಕಟಕ ತಟ್ಟಿ, ಒತ್ತುಕಾಗದವಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾಳೆ. ಗಾಜು ಜಾರಿದರೆ ಕೋಶಗಳೆಲ್ಲ ಒಂದರ ಮೇಲೊಂದು ಸುರುಳಿಗಟ್ಟಿಬಿಡುತ್ತವೆ. ಅದಕ್ಕೇ ಉಸಿರು ಬಿಗಿಹಿಡಿದಿದ್ದಾಳೆ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಮೊದಲು ಕಾಣುವುದು ದುಂಡು ಕೋಶಕೇಂದ್ರಗಳ ಸಾಲು ಸಾಲೇ. ವಿಭಜನೆಗೆ ಇಳಿಯದ ಕೋಶಗಳೇ ಹೆಚ್ಚು. ಮನುಷ್ಯನ ಕೋಶವೂ 24 ಗಂಟೆಗೊಮ್ಮೆ ಇಬ್ಭಾಗವಾಗುವಾಗ ಅದರಲ್ಲಿ ವಿಭಜನೆಗೆ ಹಿಡಿಯುವುದು ಸುಮಾರು ಒಂದೇ ಗಂಟೆ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಗೋಡೆಯನ್ನು ಸುತ್ತುತ್ತಾ ಹೋದರೆ ಶಿಲ್ಪಗಳಲ್ಲಿ ಕಥೆ ಮುಂದುವರಿಯುತ್ತದೆ. ಇಲ್ಲಿ ವಿಭಜನೆಯ ಹಂತಗಳಿಗೆ ಅಂಥ ಸಾಲಿಲ್ಲ, ಹಿಂದುಮುಂದನ್ನು ನಮ್ಮ ಕಣ್ಣೇ ಜೋಡಿಸಬೇಕು. 1882ರಲ್ಲಿ ಈ ವಿಭಜನೆಯ ಬಗ್ಗೆ ಪುಸ್ತಕ ಹೊರತಂದ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಪಟ್ಟ ಪಾಡೂ ಇದೇ ಇರಬೇಕು.

"ಮೇಡಂ, ಸಿಕ್ತು! ಮೆಟಾಫೇಸ್!"

ಮೇಡಂ ಬಾಗಿ ನೋಡುತ್ತಾರೆ. "ಇಲ್ಲಮ್ಮ, ದಾರ ಇನ್ನೂ ಗಂಟುಗಂಟಾಗೇ ಐತೆ. ಇದು ಪ್ರೊಫೇಸ್. ಸ್ವಲ್ಪ ಎಡಕ್ಕೆ ಸರಿಸು."

ಗಾಜು ಕೂದಲೆಳೆಯಷ್ಟು ಸರಿಯುತ್ತದೆ. ಈರುಳ್ಳಿಯ ಹದಿನಾರೂ ವರ್ಣತಂತುಗಳು ಕೋಶದ ನಡುವೆ ಅಡ್ಡಗೆರೆಯಾಗಿ ನಿಂತಿವೆ. ಇದೇ ಮೆಟಾಫೇಸ್. ಪಕ್ಕದ ಕೋಶದಲ್ಲಿ ಅವು ಸೀಳಿಕೊಂಡು, ಎರಡು ತುದಿಗಳತ್ತ ಹೊರಟಿವೆ, ಮಧ್ಯಭಾಗ ಮುಂದೆ, ತೋಳುಗಳು ಹಿಂದೆ. ಅನಾಫೇಸನ್ನು ಗುರುತಿಸಲು ಇದಕ್ಕಿಂತ ನೆಚ್ಚಬಹುದಾದ ಗುರುತಿಲ್ಲ. ಟೆಲೋಫೇಸೇ ಮೋಸ ಮಾಡುವುದು: ಅಕ್ಕಪಕ್ಕದ ಎರಡು ಸಾಮಾನ್ಯ ಕೋಶಗಳಂತೆಯೇ ಕಾಣುತ್ತದೆ. ನಡುವೆ ಹೊಸ ಗೋಡೆ ತೆಳ್ಳಗೆ ಮೂಡುತ್ತಿದೆಯೇ ಎಂದು ತಾಳ್ಮೆಯಿಂದ ನೋಡಬೇಕು.

ಹುಡುಗಿ ರೆಕಾರ್ಡ್ ಪುಸ್ತಕ ಬಿಡಿಸಿ ಗೆರೆ ಎಳೆಯುತ್ತಾ ಕೇಳುತ್ತಾಳೆ: "ತೆಂಗಿನ ಬೇರಲ್ಲೂ ಹಿಂಗೇ ಕಾಣ್ತದಾ ಮೇಡಂ?"

"ಅದ್ರಲ್ಲಿ 32 ವರ್ಣತಂತು ಇರ್ತವೆ. ನಾಳೆ ತೋಟದಿಂದ ಒಂದು ಎಳೇ ಬೇರು ತಗೊಂಡು ಬಾ, ನೋಡೇಬಿಡಾಣ."