ಕಪ್ಪು ಬಟ್ಟೆ, ಆಕ್ಟೋಪಸ್ ಚಿತ್ರ ಕಂಡರೆ ‘ಬ್ಲೂ ವೇಲ್’ ಎಂದು ಹೆದರಬೇಕೇ?

ಸೇಡಂ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸುತ್ತಮುತ್ತ ರೂಮು ಮಾಡಿಕೊಂಡು ಓದುವ ಮಕ್ಕಳ ತಂದೆತಾಯಿ ಬಹುತೇಕ ದೂರದ ಊರುಗಳಲ್ಲಿರುತ್ತಾರೆ. ಮಗಳ ಡಿಪಿಯಲ್ಲಿ ಕಪ್ಪು ಲಿಪ್‌ಸ್ಟಿಕ್, ಸ್ಟೇಟಸ್‌ನಲ್ಲಿ ಮುಳುಗಿದ ಹಡಗು ಕಂಡರೆ ಅವರಿಗೆ ದಿಗಿಲಾಗುವುದು ಸಹಜ. ಆ ಹೊತ್ತಿಗೆ ಸರಿಯಾಗಿ ‘ಸಾವಿನ ಆಟ’ದ ಫಾರ್ವರ್ಡ್ ಒಂದು ಬಂದರೆ ಕೇಳುವುದೇ ಬೇಡ. ಆದ್ದರಿಂದ ಈ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಆ ಉಡುಪಿನ ಮೂಲ ‘ಗಾತ್’ ಎಂಬ ಶೈಲಿ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ರಾಕ್ ಸಂಗೀತದ ಜೊತೆ ಹುಟ್ಟಿತು. ಕಪ್ಪು ಬಟ್ಟೆ, ದಟ್ಟ ಕಾಡಿಗೆ, ವಿಷಾದದ ಹಾಡು ಅದರ ಗುರುತು. ಇದಕ್ಕೆ ಕಡಲು ಸೇರಿದರೆ ‘ಸೀ ಗಾತ್’: ಮೀನುಬಲೆಯಂಥ ಕಪ್ಪು ಲೇಸು, ಮುತ್ತು, ಚಿಪ್ಪು, ಲಂಗರು, ಆಕ್ಟೋಪಸ್ ಕೈಗಳು. ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ ಕಡಲ ತಳದಲ್ಲಿ ಮಲಗಿಸಿದ ಕ್ತುಲ್ಹು ಎಂಬ ದೈತ್ಯ 1928ರಿಂದ ಇಂಥ ಚಿತ್ರಗಳಿಗೆ ಸರಕು ಒದಗಿಸುತ್ತಲೇ ಇದ್ದಾನೆ. ಸಂಗೀತದಲ್ಲಿ ಜರ್ಮನಿಯ ‘ಅಹಾಬ್’ ಬ್ಯಾಂಡ್ 2006ರಲ್ಲಿ ತಿಮಿಂಗಿಲ ಬೇಟೆಯ ಕಾದಂಬರಿ ‘ಮೋಬಿ ಡಿಕ್’ ಆಧರಿಸಿ ಇಡೀ ಆಲ್ಬಂ ಮಾಡಿತು. ತಾಳ ಎಷ್ಟು ನಿಧಾನವೆಂದರೆ ಫೋನ್ ಹ್ಯಾಂಗ್ ಆಯಿತೇನೋ ಅನ್ನಿಸುತ್ತದೆ.

ನಮ್ಮಲ್ಲೂ ಇದರ ನೆಂಟರಿದ್ದಾರೆ. ಬೆಂಗಳೂರಿನ ಡೂಮ್ ಮೆಟಲ್ ಬ್ಯಾಂಡ್ ‘ಬೇವರ್ ಸೀ’ 2012ರಲ್ಲಿ ತನ್ನದೇ ಹೆಸರಿನ ಆಲ್ಬಂ ತಂದಿತು. ಇಂಗ್ಲಿಷಿನಲ್ಲಿ ಓದಿದರೆ ಕೊನೆಗೊಂದು ಸಮುದ್ರ. ಜೋರಾಗಿ ಹೇಳಿ ನೋಡಿ, ಕೇಳಿಸುವುದು ‘ಬೇವರ್ಸಿ’! ನಮ್ಮ ಕಡೆಯ ‘ಬೇವಾರಸ್’, ಅಂದರೆ ವಾರಸುದಾರರಿಲ್ಲದ್ದು ಎಂಬ ಮಾತಿನ ಇನ್ನೊಂದು ರೂಪ. ಮೇಲೆ ಕತ್ತಲು, ಒಳಗೆ ತಮಾಷೆ. ಕಲಬುರಗಿಗೆ ಕಡಲೆಲ್ಲಿಂದ ಬಂತು ಎನ್ನಬೇಡಿ. ಮನೆಮನೆಗೆ ಹಾಸಿರುವ ಶಹಾಬಾದ್ ಕಲ್ಲು ಕೂಡ ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರದ ತಳದಲ್ಲಿ ಶೇಖರವಾದದ್ದೇ.

ಇನ್ನು ಬ್ಲೂ ವೇಲ್. 2016ರ ಮೇ ತಿಂಗಳಲ್ಲಿ ರಷ್ಯಾದ ‘ನೋವಾಯಾ ಗಝೆಟಾ’ ಪತ್ರಿಕೆ ಅಲ್ಲಿನ ಸಾಮಾಜಿಕ ಜಾಲತಾಣದ ಕೆಲವು ಗುಂಪುಗಳಿಗೂ ಹದಿಹರೆಯದವರ ಆತ್ಮಹತ್ಯೆಗಳಿಗೂ ನಂಟು ಕಲ್ಪಿಸಿತು. ಆ ಗುಂಪುಗಳಲ್ಲಿ ತಿಮಿಂಗಿಲದ ಚಿತ್ರ ಹರಿದಾಡುತ್ತಿತ್ತು. ಭಯ ಹುಟ್ಟಿದ್ದು ಅಲ್ಲಿಂದ. ಪ್ರಚೋದನೆಯ ಆರೋಪದಲ್ಲಿ ಅಲ್ಲಿ ಒಬ್ಬನಿಗೆ ಜೈಲಾಯಿತು, ನಿಜ. ಭಾರತದಲ್ಲಿ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಿಗೆ ಈ ಆಟದ ಲಿಂಕ್ ತೆಗೆಯಲು ಸೂಚಿಸಿತು, ತಜ್ಞರ ಸಮಿತಿಯಿಂದ ಪ್ರಕರಣಗಳ ಪರಿಶೀಲನೆಯನ್ನೂ ಮಾಡಿಸಿತು. 2018ರ ಜನವರಿಯಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರ: ಯಾವ ಪ್ರಕರಣದಲ್ಲೂ ಬ್ಲೂ ವೇಲ್ ಕೈವಾಡ ಸಾಬೀತಾಗಿಲ್ಲ. ಮೊದಲ ಸುದ್ದಿ ಎಲ್ಲರ ಫೋನಿಗೂ ಬಂತು. ಈ ಉತ್ತರ ನಿಮ್ಮ ಗ್ರೂಪಿಗೆ ಬಂದಿತ್ತೇ?

ಹಾಗೆಂದು ‘ಏನೂ ಇಲ್ಲ ಬಿಡಿ’ ಎಂದು ನಾವು ಹೇಳುತ್ತಿಲ್ಲ. 2015ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ, 15ನೇ ವಯಸ್ಸಿನಲ್ಲಿ ತಮ್ಮನ್ನು ಗಾತ್ ಎಂದು ಗುರುತಿಸಿಕೊಂಡವರಲ್ಲಿ 18ರ ಹೊತ್ತಿಗೆ ಖಿನ್ನತೆ, ಸ್ವಯಂ ಹಾನಿ ಹೆಚ್ಚು ಕಂಡಿತು. ಇದಕ್ಕೆ ಆ ಶೈಲಿಯೇ ಕಾರಣ ಎಂದು ಸಂಶೋಧಕರು ಹೇಳಲಿಲ್ಲ. ಮೊದಲೇ ನೊಂದ, ಒಂಟಿಯಾದ ಮಕ್ಕಳು ತಮ್ಮಂಥವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗುವ ಸಾಧ್ಯತೆಯೂ ಇದೆ. ಹಾಗಿದ್ದರೆ ಬಟ್ಟೆ ಕಿತ್ತೆಸೆದು ಫೋನ್ ಕಸಿದುಕೊಂಡರೆ ಆ ಮಗುವಿಗೆ ಇದ್ದ ನಾಲ್ಕು ಗೆಳೆಯರೂ ಇಲ್ಲವಾಗುತ್ತಾರೆ.

ನೋಡಬೇಕಾದದ್ದು ಲಿಪ್‌ಸ್ಟಿಕ್ ಬಣ್ಣವನ್ನಲ್ಲ. ನಿದ್ದೆ, ಊಟ ಕೆಟ್ಟಿದೆಯೇ? ಗೆಳೆಯರನ್ನು ದೂರ ಮಾಡಿದ್ದಾರೆಯೇ? ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾರೆಯೇ? ಸಾವಿನ ಮಾತಾಡುತ್ತಾರೆಯೇ? ಇಂಥದ್ದು ಕಂಡರೆ ನೇರವಾಗಿ, ಮೆತ್ತಗೆ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ಗಾಬರಿಯಾದ ಅಪ್ಪ ಅಮ್ಮನೂ.