ವಿಕಲಚೇತನ ಮಕ್ಕಳ ಶಿಕ್ಷಣದ ಹಕ್ಕು: ಪ್ರಮಾಣಪತ್ರವೂ ಪಾಠದ ಕೊಠಡಿಯೂ

ವೈಕಲ್ಯವುಳ್ಳ ಮಗುವಿಗೆ ಪಾಠಶಾಲೆಯಲ್ಲಿ ದೊರೆಯುವ ನೆರವು ಉಪಾಧ್ಯಾಯರ ಕನಿಕರದ ಫಲವೇ, ಅಥವಾ ಆ ಮಗುವಿನ ಹಕ್ಕೇ? ಈ ಪ್ರಶ್ನೆಗೆ ನಮ್ಮ ದೇಶದ ಶಾಸನಗಳು ಕೊಟ್ಟಿರುವ ಉತ್ತರ ಮೆಲ್ಲಮೆಲ್ಲನೆ ಬದಲಾಗುತ್ತ ಬಂದಿದೆ. ಆದರೆ ಶಾಸನ ಬದಲಾದಷ್ಟು ಬೇಗ ವಿದ್ಯಾಸಂಸ್ಥೆಗಳ ರೂಢಿ ಬದಲಾಗುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರದಲ್ಲಿ ಕಾಣುವ ಶೇಕಡ ೪೦ ಎಂಬ ಅಂಕಿಯ ವಿಷಯದಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆಯೊಂದರಿಂದ ಮಕ್ಕಳು ತಮಗೆ ಸಲ್ಲಬೇಕಾದ ನೆರವಿನಿಂದ ವಂಚಿತರಾಗುವ ಸಂಭವವಿದೆ. ಆ ಅಂಕಿಯ ಅರ್ಥವೇನು, ಅದರ ವ್ಯಾಪ್ತಿಯೆಷ್ಟು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಕಲಚೇತನ ಮಕ್ಕಳನ್ನು ಆದಷ್ಟು ಮಟ್ಟಿಗೆ ಸಾಮಾನ್ಯ ಶಾಲೆಗಳಲ್ಲಿಯೇ ಓದಿಸಬೇಕೆಂಬ ಅಭಿಪ್ರಾಯವನ್ನು ಕೊಠಾರಿ ಆಯೋಗ (೧೯೬೪–೬೬) ವ್ಯಕ್ತಪಡಿಸಿತ್ತು. ೧೯೭೪ರಲ್ಲಿ ಕೇಂದ್ರ ಸರ್ಕಾರವು ಇದಕ್ಕಾಗಿ ಒಂದು ಯೋಜನೆಯನ್ನು ಕೈಗೊಂಡಿತು. ಯೋಜನೆಯು ಹಕ್ಕಿನ ರೂಪವನ್ನು ತಾಳಿದುದು ೧೯೯೫ರ ಅಧಿನಿಯಮದಿಂದ. ಆ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ಮತ್ತು ಶೇಕಡ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವಿದೆಯೆಂದು ವೈದ್ಯಾಧಿಕಾರಿಯಿಂದ ದೃಢೀಕರಣ ಪಡೆದವರನ್ನೇ ‘ವಿಕಲಚೇತನ ವ್ಯಕ್ತಿ’ ಎಂದು ನಿರ್ವಚಿಸಿತ್ತು. ಹೀಗಾಗಿ ಆ ಶಾಸನದ ಬಾಗಿಲಲ್ಲಿಯೇ ಈ ಅಂಕಿ ಕಾವಲು ನಿಂತಿತ್ತು. ಓದು ಬರಹಗಳಲ್ಲಿ ವಿಶೇಷ ತೊಡಕುಳ್ಳ, ಆದರೆ ನೋಟಕ್ಕೆ ಯಾವ ಊನವೂ ಕಾಣದ ಮಗುವಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ.

೨೦೦೬ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅನುಮೋದಿಸಿತು. ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮಕ್ಕೆ ೨೦೧೨ರಲ್ಲಿ ಮಾಡಿದ ತಿದ್ದುಪಡಿಯು ವಿಕಲಚೇತನ ಮಕ್ಕಳನ್ನು ಸ್ಪಷ್ಟವಾಗಿ ಒಳಗೊಂಡಿತಲ್ಲದೆ, ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗುವು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆಯನ್ನೂ ಕಲ್ಪಿಸಿತು. ಈ ಆಯ್ಕೆ ಮಗುವಿನ ಪಾಲಿಗೆ ಕೊಟ್ಟ ಸೌಲಭ್ಯವೇ ಹೊರತು, ಶಾಲೆಯು ಮಗುವನ್ನು ಹೊರಗಿಡಲು ಕೊಟ್ಟ ಅನುಮತಿಯಲ್ಲವೆಂಬುದನ್ನು ಮರೆಯಬಾರದು.

೨೦೧೬ರಲ್ಲಿ ಅಂಗೀಕೃತವಾಗಿ ೨೦೧೭ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು ವೈಕಲ್ಯಗಳ ಸಂಖ್ಯೆಯನ್ನು ೭ರಿಂದ ೨೧ಕ್ಕೆ ಏರಿಸಿತು. ನಿರ್ದಿಷ್ಟ ಕಲಿಕಾ ವೈಕಲ್ಯ, ಆಟಿಸಂ ಮೊದಲಾದುವು ಇದರಲ್ಲಿ ಸೇರಿದುವು. ಇದಕ್ಕಿಂತಲೂ ಮುಖ್ಯವಾದುದು ನಿರ್ವಚನದಲ್ಲಿ ಆದ ಮಾರ್ಪಾಡು. ದೀರ್ಘಕಾಲದ ನ್ಯೂನತೆಯೊಂದು ಸುತ್ತಣ ಅಡೆತಡೆಗಳೊಡನೆ ಸೇರಿ, ಸಮಾಜದಲ್ಲಿ ಇತರರಂತೆ ಪೂರ್ಣವಾಗಿ ಪಾಲುಗೊಳ್ಳಲು ಯಾರಿಗೆ ಅಡ್ಡಿಯಾಗುತ್ತದೆಯೋ ಅವರೇ ವಿಕಲಚೇತನರು. ಇಲ್ಲಿ ಶೇಕಡಾಂಶದ ಮಾತಿಲ್ಲ. ಶೇಕಡ ೪೦ ಅಥವಾ ಅದಕ್ಕೆ ಮೇಲ್ಪಟ್ಟುದಕ್ಕೆ ‘ಬೆಂಚ್‌ಮಾರ್ಕ್ ವೈಕಲ್ಯ’ ಎಂಬ ಬೇರೊಂದು ವರ್ಗವನ್ನು ಶಾಸನ ಏರ್ಪಡಿಸಿದೆ.

ಈ ಎರಡು ವರ್ಗಗಳಿಗೆ ಸಲ್ಲುವ ಹಕ್ಕುಗಳು ಬೇರೆ ಬೇರೆ. ೬ರಿಂದ ೧೮ ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಅಥವಾ ಇಚ್ಛೆಪಟ್ಟ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ, ಉಚಿತ ಪುಸ್ತಕ, ಉನ್ನತ ಶಿಕ್ಷಣದಲ್ಲಿ ಶೇಕಡ ೫ಕ್ಕೆ ಕಡಮೆಯಿಲ್ಲದ ಮೀಸಲಾತಿ—ಇವು ಬೆಂಚ್‌ಮಾರ್ಕ್ ವೈಕಲ್ಯವುಳ್ಳವರಿಗೆ. ಆದರೆ ೧೬ನೆಯ ಪ್ರಕರಣವು ಹೇಳುವ ಕರ್ತವ್ಯಗಳು ವೈಕಲ್ಯವುಳ್ಳ ಎಲ್ಲ ಮಕ್ಕಳಿಗೂ ಸಂಬಂಧಿಸಿದುವು: ಭೇದವಿಲ್ಲದೆ ಸೇರಿಸಿಕೊಳ್ಳುವುದು, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಯುಕ್ತ ಸೌಕರ್ಯ ಕಲ್ಪಿಸುವುದು, ಕಲಿಕಾ ವೈಕಲ್ಯವನ್ನು ಆದಷ್ಟು ಬೇಗ ಗುರುತಿಸಿ ಬೋಧನಾಕ್ರಮವನ್ನು ಮಾರ್ಪಡಿಸುವುದು, ಪ್ರತಿ ವಿದ್ಯಾರ್ಥಿಯ ಪ್ರಗತಿಯನ್ನು ಪರಿಶೀಲಿಸುವುದು. ಸರ್ಕಾರದ ಧನಸಹಾಯ ಅಥವಾ ಮಾನ್ಯತೆ ಪಡೆದ ಎಲ್ಲ ವಿದ್ಯಾಸಂಸ್ಥೆಗಳಿಗೂ ಈ ಕರ್ತವ್ಯಗಳು ಅನ್ವಯಿಸುವುದರಿಂದ, ಖಾಸಗಿ ಶಾಲೆಗಳಾಗಲಿ ನಮ್ಮ ಕಾಲೇಜುಗಳಾಗಲಿ ಹೊರಗುಳಿಯುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಕಾಲ, ಪರವಾಗಿ ಬರೆಯುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದುವನ್ನು ಹೇಳುವ ೧೭ನೆಯ ಪ್ರಕರಣದ ಉಪವಾಕ್ಯವೂ ಶೇಕಡಾಂಶವನ್ನು ಕೇಳುವುದಿಲ್ಲ.

ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೧ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯುಳ್ಳ ಅಭ್ಯರ್ಥಿಯೊಬ್ಬರಿಗೆ ಬೆಂಚ್‌ಮಾರ್ಕ್ ವೈಕಲ್ಯವಿಲ್ಲವೆಂಬ ಕಾರಣದಿಂದ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸಹಾಯಕನ ನೆರವು ನಿರಾಕೃತವಾಗಿತ್ತು. ಯುಕ್ತ ಸೌಕರ್ಯವೆಂಬುದು ಸಮಾನತೆಯ ಅಂಗವೆಂದೂ, ಅದನ್ನು ಬೆಂಚ್‌ಮಾರ್ಕ್ ವೈಕಲ್ಯಕ್ಕೆ ಸೀಮಿತಗೊಳಿಸಲಾಗದೆಂದೂ ನ್ಯಾಯಾಲಯ ತೀರ್ಮಾನಿಸಿತು. ಇದರ ಪರಿಣಾಮವಾಗಿ ಶೇಕಡ ೪೦ಕ್ಕಿಂತ ಕಡಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿ ೨೦೨೨ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಮಾರ್ಗಸೂಚಿಯನ್ನು ಹೊರಡಿಸಿತು. ೨೦೨೧ರ ಅಕ್ಟೋಬರಿನ ಮತ್ತೊಂದು ತೀರ್ಪು ಪ್ರಾಥಮಿಕ ತರಗತಿಗಳಲ್ಲಿ ೧೦ ವಿಕಲಚೇತನ ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ೧೫ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಸೂಚಿಸಿತು.

ಯುಕ್ತ ಸೌಕರ್ಯಕ್ಕೆ ಮಿತಿಯೂ ಉಂಟು: ಅದು ಸಂಸ್ಥೆಯ ಮೇಲೆ ಅನುಚಿತವಾದ ಹೊರೆಯಾಗಬಾರದೆಂದು ಶಾಸನ ಹೇಳುತ್ತದೆ. ಆದರೆ ಪಾಠದ ಕೊಠಡಿಯಲ್ಲಿ ಬೇಕಾಗುವ ನೆರವಿನಲ್ಲಿ ಬಹುಪಾಲು ಹಣದ ಹೊರೆಯೇ ಅಲ್ಲ. ಕಿವಿ ಮಂದವಾದ ಮಗುವಿಗೆ ಉಪಾಧ್ಯಾಯರ ಮುಖ ಬೆಳಕಿನಲ್ಲಿ ಕಾಣಬೇಕು. ಹಲಗೆಯತ್ತ ತಿರುಗಿ ನುಡಿದ ಮಾತು ಅದಕ್ಕೆ ಎಟುಕದು. ದೃಷ್ಟಿಮಾಂದ್ಯವುಳ್ಳ ಮಗುವಿಗೆ ಮುಂದಿನ ಸಾಲು, ದೊಡ್ಡಕ್ಷರದ ಪ್ರತಿ, ಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ—ಇಷ್ಟರಿಂದಲೇ ಪಾಠ ಸುಗಮವಾಗಬಹುದು.

ಕಲಿಕಾ ವೈಕಲ್ಯದ ವಿಷಯದಲ್ಲಿ ನಮ್ಮ ಲಿಪಿಯ ಸ್ವರೂಪವನ್ನೂ ಗಮನಿಸಬೇಕು. ಕನ್ನಡದ ಮೂಲಾಕ್ಷರಗಳು ಐವತ್ತರ ಆಸುಪಾಸಿನಲ್ಲಿದ್ದರೂ, ಗುಣಿತಾಕ್ಷರ ಒತ್ತಕ್ಷರಗಳು ಸೇರಿದಾಗ ಮಗುವು ಗುರುತಿಸಬೇಕಾದ ರೂಪಗಳು ನೂರಾರು. ಸಾಮಾನ್ಯ ಮಗುವಿಗೂ ಇವು ಕೈವಶವಾಗಲು ಹಲವು ವರ್ಷಗಳು ಬೇಕು. ಆದುದರಿಂದ ಮೊದಲ ತರಗತಿಗಳಲ್ಲಿ ಒತ್ತು ತಪ್ಪಿದ ಮಾತ್ರಕ್ಕೆ ವೈಕಲ್ಯವೆನ್ನುವುದು ಆತುರ. ಸರಿಯಾದ ಬೋಧನೆ ನಡೆದೂ ತೊಡಕು ಬಿಡದೆ ಮುಂದುವರಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಅಂಥ ಮಗುವಿನ ತಿಳಿವಳಿಕೆಯನ್ನು ಬಾಯಿಮಾತಿನಲ್ಲಿ ಪರೀಕ್ಷಿಸಿದರೆ, ಬರಹ ಮುಚ್ಚಿಟ್ಟ ಸಾಮರ್ಥ್ಯ ಹೊರಬೀಳುವುದುಂಟು.

ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ತಜ್ಞಸಂಸ್ಥೆಗಳ ಪರಿಶೀಲನೆ ಅಗತ್ಯವಾದಾಗ ಅದನ್ನು ಪಡೆಯಲೇಬೇಕು. ಆದರೆ ಪ್ರಮಾಣಪತ್ರ ಬರುವ ತನಕ ಪಾಠ ಕಾಯಬೇಕಾಗಿಲ್ಲ. ಪ್ರಮಾಣಪತ್ರವು ಕೆಲವು ಸೌಲಭ್ಯಗಳಿಗೆ ದಾರಿ. ತರಗತಿಯ ನೆರವಿಗೆ ಆಧಾರ ಮಗುವಿನ ಅಗತ್ಯ. ಮುಂದೆ ಉಪಾಧ್ಯಾಯರಾಗಲಿರುವ ನಮ್ಮ ವಿದ್ಯಾರ್ಥಿಗಳು ಈ ಭೇದವನ್ನು ಮನದಟ್ಟು ಮಾಡಿಕೊಂಡು, ಮಗುವಿಗೆ ಶೇಕಡ ಎಷ್ಟು ವೈಕಲ್ಯವಿದೆಯೆಂದು ಕೇಳುವ ಮೊದಲು ಅದಕ್ಕೆ ಯಾವ ಅಡ್ಡಿ ಎದುರಾಗಿದೆಯೆಂದು ವಿಚಾರಿಸುವುದು ಉಚಿತ.